ಬಾಗಿಲಲ್ಲಿ ನಿಂತವನು: ಪ್ಯಾರಾಷೂಟು ಸೈನಿಕರ ಕೆಲವು ಗ್ರಂಥಗಳು

ಯುದ್ಧದ ಗ್ರಂಥಗಳನ್ನು ಓದುವವರು ಸಾಮಾನ್ಯವಾಗಿ ರಣರಂಗದ ವರ್ಣನೆ ಎಲ್ಲಿ ಬಂದೀತೆಂದು ಹಾಳೆಗಳನ್ನು ಬೇಗಬೇಗನೆ ಮಗುಚುತ್ತಾರೆ. ಶಿಬಿರದ ಕವಾಯತು, ದೇಹಪರೀಕ್ಷೆ, ತೇರ್ಗಡೆ ಮೊದಲಾದುವೆಲ್ಲ ಮುಖ್ಯ ಕಥೆಗೆ ಪೀಠಿಕೆ ಮಾತ್ರವೆಂದು ಅವರ ಭಾವನೆ. ಸಾಮಾನ್ಯ ಕಾಲಾಳಿನ ಕಥೆಯಲ್ಲಿ ಇದು ಸರಿಯಿರಬಹುದು. ಆಕಾಶದಿಂದ ಧುಮುಕುವ ಪ್ಯಾರಾಷೂಟು ಸೈನಿಕನ ಕಥೆಯಲ್ಲಿ ಮಾತ್ರ ಈ ಪೀಠಿಕೆಯೇ ಕಥೆಯ ಮರ್ಮವೆಂದು ನಮಗೆ ತೋರುತ್ತದೆ. ಏಕೆಂದರೆ, ಕಡ್ಡಾಯದ ಕಾನೂನಿನಿಂದ ದಂಡಿಗೆ ಬಂದ ಸಿಪಾಯಿಯನ್ನು “ನಿನಗೆ ಒಪ್ಪಿಗೆಯೆ?” ಎಂದು ಯಾರೂ ಕೇಳುವುದಿಲ್ಲ, ಅವನು ಹೋಗೆಂದಲ್ಲಿಗೆ ಹೋಗತಕ್ಕವನು. ಪ್ಯಾರಾಷೂಟು ದಳಕ್ಕೆ ಸೇರಬಯಸಿದವನನ್ನಾದರೋ ಕೇಳುತ್ತಾರೆ. ಒಮ್ಮೆಯಲ್ಲ, ಶಿಕ್ಷಣದ ಪ್ರತಿಯೊಂದು ದಿನವೂ ಕೇಳುತ್ತಾರೆ. ಕಟ್ಟಕಡೆಗೆ ಹಾರುತ್ತಿರುವ ವಿಮಾನದ ತೆರೆದ ಬಾಗಿಲಲ್ಲಿ ನಿಲ್ಲಿಸಿ ಕೇಳುತ್ತಾರೆ. ಅಲ್ಲಿ ಅವನು ಒಲ್ಲೆನೆನ್ನಬಹುದು. ಕಡ್ಡಾಯದೊಳಗೆ ಉಳಿದಿರುವ ಈ ಗೇಣುದ್ದದ ಸ್ವಾತಂತ್ರ್ಯವನ್ನು ಗ್ರಂಥಕರ್ತರು ಹೇಗೆ ಕಂಡಿದ್ದಾರೆ, ಒಪ್ಪಿದವನಿಗೆ ಏನನ್ನು ಕೊಟ್ಟಿದ್ದಾರೆ, ಒಲ್ಲೆನೆಂದವನನ್ನು ಏನು ಮಾಡಿದ್ದಾರೆ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಅಮೆರಿಕಾ ದೇಶದಲ್ಲಿ ಈ ಕಡ್ಡಾಯವೂ ಈ ಒಪ್ಪಿಗೆಯೂ ಹೆಚ್ಚುಕಡಿಮೆ ಒಟ್ಟಿಗೇ ಹುಟ್ಟಿದುವು. 1940ನೆಯ ಆಗಸ್ಟ್ 16ರಂದು ಜಾರ್ಜಿಯಾ ಸಂಸ್ಥಾನದ ಫೋರ್ಟ್ ಬೆನ್ನಿಂಗ್ ಎಂಬ ದಂಡಿನ ಠಾಣ್ಯದಲ್ಲಿ ಆ ದೇಶದ ಪರೀಕ್ಷಾದಳವು ಮೊದಲ ಬಾರಿಗೆ ವಿಮಾನದಿಂದ ಧುಮುಕಿತು. ಆ ದಳದ 48 ಸಿಪಾಯಿಗಳನ್ನು, ತಾವಾಗಿಯೇ ಮುಂದೆ ಬಂದ ಇನ್ನೂರಕ್ಕೂ ಹೆಚ್ಚು ಮಂದಿಯಲ್ಲಿ ಆರಿಸಿಕೊಳ್ಳಲಾಗಿತ್ತು. ಸರಿಯಾಗಿ ಒಂದು ತಿಂಗಳ ಮೇಲೆ, ಸೆಪ್ಟೆಂಬರ್ 16ರಂದು, ಅಧ್ಯಕ್ಷ ರೂಸ್‌ವೆಲ್ಟರು ಕಡ್ಡಾಯ ಸೈನ್ಯಸೇವೆಯ ಶಾಸನಕ್ಕೆ ರುಜು ಹಾಕಿದರು. ಯುದ್ಧಕ್ಕೆ ಇನ್ನೂ ಇಳಿಯದೆ ಇದ್ದಾಗ ಆ ದೇಶವು ಇಂಥ ಶಾಸನವನ್ನು ಮಾಡಿದ್ದು ಅದೇ ಮೊದಲು. ಯುದ್ಧವು ಮುಗಿಯುವ ವೇಳೆಗೆ ಸುಮಾರು 1 ಕೋಟಿ ಮಂದಿ ಆ ಶಾಸನದ ದಾರಿಯಲ್ಲಿ ಸೇನೆಗೆ ಬಂದಿದ್ದರು. 1942ನೆಯ ಡಿಸೆಂಬರಿನಲ್ಲಿ ಹೊರಟ ಆಜ್ಞೆಯೊಂದು, 18ರಿಂದ 37 ವರ್ಷದೊಳಗಿನವರು ನೇರವಾಗಿ ಸೈನ್ಯಕ್ಕೆ ಸೇರುವುದನ್ನೇ ನಿಲ್ಲಿಸಿತು. ಅಲ್ಲಿಂದ ಮುಂದೆ ಮನಸ್ಸುಳ್ಳವನೂ ಮನಸ್ಸಿಲ್ಲದವನೂ ಒಂದೇ ಕಚೇರಿಯ ಹೊಸಿಲನ್ನು ದಾಟಿ ಬರಬೇಕಾಯಿತು. ಆದರೂ ಪ್ಯಾರಾಷೂಟು ದಳವು ತನ್ನ ನಿಯಮವನ್ನು ಬಿಡಲಿಲ್ಲ. ಸೈನ್ಯಕ್ಕೆ ಹೇಗೆ ಬಂದವನಾದರೂ ಸರಿ, ಈ ದಳಕ್ಕೆ ತಾನಾಗಿ ಕೇಳಿಕೊಂಡು ಬರಬೇಕು.

ಹಾಗೆ ಬಂದವನು ಅರ್ಹನಾಗುವ ಕ್ರಮವನ್ನು ಸ್ವಲ್ಪ ಹೇಳುವುದು ಅವಶ್ಯಕ. 1942ನೆಯ ಬೇಸಗೆಯಲ್ಲಿ 506ನೆಯ ಪ್ಯಾರಾಷೂಟು ರೆಜಿಮೆಂಟನ್ನು ಜಾರ್ಜಿಯಾದ ಟೊಕೋವಾ ಶಿಬಿರದಲ್ಲಿ ಕಟ್ಟಿದರು. ಶಿಬಿರದ ಪಕ್ಕದಲ್ಲಿ ಕರ್ರಹೀ ಎಂಬ ಬೆಟ್ಟ. ಮೇಲಕ್ಕೆ ಮೂರು ಮೈಲಿ, ಕೆಳಕ್ಕೆ ಮೂರು ಮೈಲಿ. ಅದನ್ನು ಓಡಿ ಹತ್ತಿ ಓಡಿ ಇಳಿಯಬೇಕು. ಓಡಲಾರದವನು, ಓಡಲೊಲ್ಲದವನು, ಹೊರಡಬಹುದು. ಅವನನ್ನು ಬೇರೊಂದು ಪಲ್ಟಣಕ್ಕೆ ಕಳುಹಿಸಿಬಿಡುತ್ತಿದ್ದರು. ಉಳಿದವರು ಫೋರ್ಟ್ ಬೆನ್ನಿಂಗ್‌ಗೆ ಹೋಗುವರು. ಅಲ್ಲಿಯ ಪಾಠ ನಾಲ್ಕು ವಾರಗಳದು. ಮೊದಲು ಮೈ ಬಗ್ಗಿಸುವುದು. ಅನಂತರ ನೆಲದ ಮೇಲೆ ನಿಲ್ಲಿಸಿದ ಹುಸಿಬಾಗಿಲುಗಳಿಂದ ಹಾರಿ ಬೀಳುವ ಬಗೆಯನ್ನು ಕಲಿಯುವುದು. ಆಮೇಲೆ 250 ಅಡಿ ಎತ್ತರದ ಗೋಪುರಗಳಿಂದ ಕೊಡೆಯೊಡನೆ ಇಳಿಯುವುದು. ಕೊನೆಯ ವಾರದಲ್ಲಿ ವಿಮಾನದಿಂದ ಐದು ಧುಮುಕು. ತಾನು ಧುಮುಕುವ ಕೊಡೆಯನ್ನು ತಾನೇ ಮಡಿಸಿ ಕಟ್ಟಬೇಕು. ಐದು ಮುಗಿದರೆ ಎದೆಯ ಮೇಲೆ ಬೆಳ್ಳಿಯ ಬಣ್ಣದ ರೆಕ್ಕೆಯ ಬಿಲ್ಲೆ, ಕಾಲಿಗೆ ಎತ್ತರದ ಬೂಟು, ತಿಂಗಳಿಗೆ 50 ಡಾಲರು ಹೆಚ್ಚು ಸಂಬಳ. ಆ ಕಾಲದ ಸಾಮಾನ್ಯ ಸಿಪಾಯಿಯ ಮೂಲಸಂಬಳವೇ 50 ಡಾಲರೆಂಬುದನ್ನು ನೆನೆದರೆ, ಈ ಆಶೆಯ ಬಲವೆಷ್ಟೆಂಬುದು ತಿಳಿಯುತ್ತದೆ. ಇಲ್ಲೊಂದು ಸೂಕ್ಷ್ಮವುಂಟು. ಬಿಲ್ಲೆ ಬರುವವರೆಗೆ ಒಲ್ಲೆನೆಂದರೆ ಅಪರಾಧವಲ್ಲ. ಬಿಲ್ಲೆ ಬಂದಮೇಲೆ ಧುಮುಕಲೊಲ್ಲೆನೆಂದರೆ ಸೈನ್ಯದ ನ್ಯಾಯಾಲಯಕ್ಕೆ ಹೋಗಬೇಕು. ಆದುದರಿಂದ ಆ ಬೆಳ್ಳಿಯ ಬಿಲ್ಲೆಯು ಅರ್ಹತೆಯ ಗುರುತೂ ಹೌದು, ಬರೆದುಕೊಟ್ಟ ಮುಚ್ಚಳಿಕೆಯೂ ಹೌದು.

ಈ ರೆಜಿಮೆಂಟಿನ ‘ಇ’ ಕಂಪೆನಿಯ ಕಥೆಯನ್ನು ಇತಿಹಾಸಕಾರ ಸ್ಟೀಫನ್ ಆಂಬ್ರೋಸ್ 1992ರಲ್ಲಿ ‘ಬ್ಯಾಂಡ್ ಆಫ್ ಬ್ರದರ್ಸ್’ ಎಂಬ ಹೆಸರಿನಿಂದ ಪ್ರಕಟಿಸಿದರು. ಈ ಕಂಪೆನಿಯು ಟೊಕೋವಾ ಶಿಬಿರದಿಂದ ಹೊರಟು ನಾರ್ಮಂಡಿ, ಹಾಲೆಂಡು, ಬ್ಯಾಸ್ಟೋನುಗಳನ್ನು ಹಾದು ಹಿಟ್ಲರನ ಬೆಟ್ಟದ ಮನೆಯವರೆಗೆ ಹೋದ ವೃತ್ತಾಂತವೇ ಅದರ ವಸ್ತು. ಗ್ರಂಥದ ಮೊದಲನೆಯ ಅಧ್ಯಾಯವೇ ಅದರಲ್ಲಿ ಅತ್ಯುತ್ತಮವಾದುದೆಂದು ನಮ್ಮ ಅಭಿಪ್ರಾಯ. ಬೇರೆ ಬೇರೆ ಊರುಗಳ, ಬೇರೆ ಬೇರೆ ಅಂತಸ್ತುಗಳ ಹುಡುಗರು ಒಂದು ಕಂಪೆನಿಯಾಗುವ ಪರಿಯನ್ನು ಆಂಬ್ರೋಸ್ ಉತ್ಸಾಹದಿಂದಲೂ ವಿವರಗಳಿಂದಲೂ ಹೇಳಿದ್ದಾರೆ. ಬೆಟ್ಟದ ಓಟ, ರಾತ್ರಿಯ ನಡೆ, ಡಿಸೆಂಬರಿನ ಮಳೆಕೆಸರುಗಳಲ್ಲಿ ಅಟ್ಲಾಂಟಾ ನಗರದವರೆಗೆ ನಡೆದ 118 ಮೈಲಿಗಳು, ಇವೆಲ್ಲ ಕಣ್ಣಿಗೆ ಕಟ್ಟುತ್ತವೆ. ಈ ಹುಡುಗರು ಏಕೆ ಬಂದರೆಂಬುದನ್ನೂ ಅವರು ಮುಚ್ಚಿಡುವುದಿಲ್ಲ. ದೇಶಭಕ್ತಿಯ ಜೊತೆಗೆ ಹಣದ ಆಶೆ, ಬೂಟಿನ ಬೆಡಗು, ಬಿಲ್ಲೆಯ ಅಭಿಮಾನ, ತಾನು ಎಷ್ಟರವನೆಂದು ತನಗೇ ತೋರಿಸಿಕೊಳ್ಳುವ ಹಟ ಎಲ್ಲವೂ ಅಲ್ಲಿ ಬರುತ್ತವೆ. ಇಷ್ಟು ಪ್ರಾಮಾಣಿಕತೆಯು ವೀರಗಾಥೆಯನ್ನು ಬರೆಯುವವರಲ್ಲಿ ಸುಲಭವಾಗಿ ಸಿಕ್ಕುವುದಲ್ಲ.

ಆದರೆ ಅದೇ ಅಧ್ಯಾಯದಲ್ಲಿ ಇನ್ನೊಂದು ಕಾರಣವೂ ಉಕ್ತವಾಗಿದೆ. ನಮ್ಮ ಆಕ್ಷೇಪಣೆಯು ಅಲ್ಲಿಂದ ಮೊದಲಾಗುತ್ತದೆ. ಯುದ್ಧಕ್ಕೆ ಹೋಗುವುದು ಹೇಗೂ ತಪ್ಪದು. ಹೋಗುವಾಗ ಕಡ್ಡಾಯದಿಂದ ಬಂದ ಅರೆಮನಸ್ಸಿನ, ಅರೆಶಿಕ್ಷಣದ ಸಿಪಾಯಿಗಳು ತಮ್ಮ ಎಡಬಲಗಳಲ್ಲಿ ಇರಬಾರದೆಂದು ಇವರು ಬಯಸಿದರಂತೆ. ಹುಡುಗರು ಹಾಗೆ ಎಣಿಸಿದ್ದು ಸಹಜ. ಇತಿಹಾಸಕಾರನು ಆ ಎಣಿಕೆಯನ್ನು ಪರೀಕ್ಷಿಸದೆ ತನ್ನದಾಗಿ ಮಾಡಿಕೊಂಡದ್ದು ಸರಿಯಲ್ಲ. ಗ್ರಂಥದುದ್ದಕ್ಕೂ ತಾನಾಗಿ ಬಂದವನು ಒಂದು ಜಾತಿ, ಕರೆಬಂದವನು ಇನ್ನೊಂದು ಜಾತಿ ಎಂಬ ಭಾವನೆಯು ಒಳಗೊಳಗೆ ಹರಿಯುತ್ತದೆ. ನಿಜವಾಗಿ ನೋಡಿದರೆ ಈ ಗೆರೆಯು ಅಷ್ಟು ಸ್ಪಷ್ಟವಾದುದಲ್ಲ. ಗ್ರಂಥದ ನಾಯಕರೆನ್ನಬಹುದಾದ ರಿಚರ್ಡ್ ವಿಂಟರ್ಸ್ ಅವರನ್ನೇ ತೆಗೆದುಕೊಳ್ಳೋಣ. ಕಾಲೇಜು ಮುಗಿಸಿದ ಅವರು 1941ನೆಯ ಆಗಸ್ಟಿನಲ್ಲಿ ಸೈನ್ಯಕ್ಕೆ ಸೇರಿದ್ದು, ಶಾಸನವು ವಿಧಿಸಿದ್ದ ಒಂದು ವರ್ಷದ ಸೇವೆಯನ್ನು ಬೇಗನೆ ತೀರಿಸಿ ತಮ್ಮ ಬದುಕನ್ನು ನೋಡಿಕೊಳ್ಳೋಣವೆಂದು. ಕಾನೂನು ತಲೆಯ ಮೇಲೆ ತೂಗುತ್ತಿರುವಾಗ, ಅದು ಬೀಳುವ ಮೊದಲೇ ತಲೆಯೊಡ್ಡಿದವನನ್ನು ಯಾವ ಜಾತಿಗೆ ಸೇರಿಸುವುದು? ಮಳೆ ಬರುವುದು ಖಂಡಿತವೆಂದು ತಿಳಿದಾಗ ಬಿತ್ತುವವನು ತನ್ನಿಚ್ಛೆಯಿಂದ ಬಿತ್ತಿದನೋ, ಮೋಡದ ಇಚ್ಛೆಯಿಂದ ಬಿತ್ತಿದನೋ? ಕಡ್ಡಾಯವೂ ಇಚ್ಛೆಯೂ ಒಬ್ಬನೇ ಮನುಷ್ಯನಲ್ಲಿ ಹೆಣೆದುಕೊಂಡಿದ್ದುವೆಂಬುದೇ ಸತ್ಯ. ಆ ಹೆಣಿಗೆಯನ್ನು ಬಿಡಿಸಿ ಒಂದೇ ಎಳೆಯನ್ನು ತೋರಿಸಿದುದರಿಂದ ಗ್ರಂಥಕ್ಕೆ ಓಟ ಬಂದಿದೆ, ಸತ್ಯವು ತೆಳುವಾಗಿದೆ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ದೊಡ್ಡದು. ಟೊಕೋವಾದಲ್ಲಿ 5,300 ಮಂದಿ ಸಿಪಾಯಿಗಳು ಪ್ರಯತ್ನಮಾಡಿ 1,800 ಮಂದಿ ಉಳಿದರೆಂದೂ, 500 ಮಂದಿ ಅಧಿಕಾರಿಗಳಲ್ಲಿ 148 ಮಂದಿ ಉಳಿದರೆಂದೂ ಆಂಬ್ರೋಸ್ ಅವರೇ ಲೆಕ್ಕ ಕೊಡುತ್ತಾರೆ. ಹಾಗಾದರೆ ಸಿಪಾಯಿಗಳಲ್ಲೇ 3,500 ಮಂದಿ ಹೊರಗಾದರು. ಅವರೆಲ್ಲಿ? ಗ್ರಂಥದಲ್ಲಿ ಅವರು ಒಂದು ಅಂಕಿ ಮಾತ್ರ. ತೇರ್ಗಡೆಯಾದವರ ಕೀರ್ತಿಯನ್ನು ಎತ್ತಿ ತೋರಿಸುವುದಕ್ಕಾಗಿ ಬರೆದ ಅಂಕಿ. ಇದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಗ್ರಂಥವು ಮುಖ್ಯವಾಗಿ ನಿಂತಿರುವುದು, ಬದುಕುಳಿದು ವರ್ಷವರ್ಷವೂ ಒಟ್ಟಿಗೆ ಸೇರುತ್ತಿದ್ದ ಮುದಿಸೈನಿಕರ ಬಾಯಿಮಾತಿನ ಮೇಲೆ. ಕೂಟಕ್ಕೆ ಬರುವವರು ಗೆದ್ದವರು. ಬೆಟ್ಟದ ಅರ್ಧದಲ್ಲಿ ಕುಸಿದು ಬೇರೆ ಪಲ್ಟಣಕ್ಕೆ ಹೋದವನೂ, ಮೊದಲನೆಯ ಧುಮುಕಿನ ದಿನ ಬಾಗಿಲ ಅಂಚನ್ನು ಬಿಡದೆ ಹಿಡಿದು ನಿಂತವನೂ ಆ ಕೂಟಕ್ಕೆ ಬರುವುದಿಲ್ಲ. ಬಂದವರನ್ನು ಮಾತ್ರ ಕೇಳಿ ಬರೆದ ಕಥೆಯಲ್ಲಿ ಬಾರದವರು ಹೇಡಿಗಳಾಗುವುದು ಅನಿವಾರ್ಯ. ಯಾರೂ ಹಾಗೆಂದು ಬಾಯಿಬಿಟ್ಟು ಹೇಳಬೇಕಾದುದಿಲ್ಲ.

ಬಾರದವನೊಬ್ಬನ ಉದಾಹರಣೆಯು ಗ್ರಂಥದಲ್ಲಿಯೇ ಇದೆ. ಈ ಕಂಪೆನಿಗೆ ಶಿಕ್ಷಣವನ್ನಿತ್ತ ಕ್ಯಾಪ್ಟನ್ ಹರ್ಬರ್ಟ್ ಸೋಬೆಲ್ ಅವರನ್ನು ಆಂಬ್ರೋಸ್ ಕ್ರೂರಿ, ಹಟಮಾರಿ, ನಕ್ಷೆ ನೋಡಲು ಬಾರದವನು ಎಂದು ಚಿತ್ರಿಸುತ್ತಾರೆ. ಅವರನ್ನು ದ್ವೇಷಿಸುವುದರಲ್ಲಿಯೇ ಹುಡುಗರು ಒಂದಾದರೆಂದೂ, ಆ ಕಠಿಣ ಶಿಕ್ಷಣವೇ ಮುಂದೆ ಅವರ ಪ್ರಾಣವನ್ನು ಉಳಿಸಿತೆಂದೂ ಒಪ್ಪುತ್ತಾರೆ. ಎರಡೂ ನಿಜವಿರಬಹುದು. ಆದರೆ ಆಂಬ್ರೋಸ್ ಸಾಕ್ಷ್ಯವನ್ನು ಸಂಗ್ರಹಿಸಲು ತೊಡಗುವ ಮೊದಲೇ, 1987ರಲ್ಲಿ, ಸೋಬೆಲ್ ತೀರಿಕೊಂಡಿದ್ದರು. ವಾದಿಗಳೆಲ್ಲರೂ ಹಾಜರಿದ್ದು ಪ್ರತಿವಾದಿಯು ಸತ್ತುಹೋಗಿರುವ ಮೊಕದ್ದಮೆಯಲ್ಲಿ ತೀರ್ಪು ಕೊಡುವವನು ಸ್ವಲ್ಪ ಅಳುಕಬೇಕಾಗಿತ್ತು. ಆ ಅಳುಕು ಆ ಪುಟಗಳಲ್ಲಿ ಕಾಣುವುದಿಲ್ಲ.

ಗ್ರಂಥದ ಹೆಸರನ್ನೇ ಹಿಡಿದು ಇನ್ನೊಂದು ಮಾತನ್ನು ಹೇಳಬಹುದು. ಆ ಹೆಸರು ಷೇಕ್ಸ್‌ಪಿಯರ್ ಮಹಾಕವಿಯ ‘ಐದನೆಯ ಹೆನ್ರಿ’ ನಾಟಕದಲ್ಲಿ ಅರಸನು ಯುದ್ಧದ ಬೆಳಗ್ಗೆ ಆಡುವ ಭಾಷಣದಿಂದ ಬಂದದ್ದು. ಹೋರಾಡುವವರೆಲ್ಲರೂ ತನಗೆ ಒಡಹುಟ್ಟಿದವರೆಂದು ಅವನು ಸಾರುತ್ತಾನೆ. ಈ ಭಾಗವನ್ನು ಎಲ್ಲರೂ ಬಲ್ಲರು. ಇದಕ್ಕೆ ಸ್ವಲ್ಪ ಮುಂಚೆ ಅದೇ ಅರಸನು, ಹೋರಾಡಲು ಮನಸ್ಸಿಲ್ಲದವನು ಈಗಲೇ ಹೊರಡಬಹುದು, ಅವನಿಗೆ ರಹದಾರಿಯನ್ನು ಬರೆಸಿಕೊಡುತ್ತೇವೆ, ದಾರಿಯ ಖರ್ಚಿಗೆ ಹಣವನ್ನೂ ಕೊಡುತ್ತೇವೆ ಎಂದು ಹೇಳುತ್ತಾನೆಂಬುದನ್ನು ಅಷ್ಟಾಗಿ ಯಾರೂ ನೆನೆಯುವುದಿಲ್ಲ. ಅರಸನ ಮಾತಿನಲ್ಲಿ ತಿರಸ್ಕಾರವಿದೆ, ದಿಟ. ಆದರೂ ಕವಿಯು ಒಲ್ಲೆನೆಂದವನಿಗೆ ವೇದಿಕೆಯ ಮೇಲೆ ಒಂದು ದಾರಿಯನ್ನು ಬಿಟ್ಟಿದ್ದಾನೆ. ಅದಕ್ಕೂ ಹಿಂದಿನ ರಾತ್ರಿ, ವೇಷ ಮರೆಸಿಕೊಂಡ ಅರಸನ ಮುಂದೆಯೇ ಒಬ್ಬ ಸಾಮಾನ್ಯ ಸಿಪಾಯಿ ಈ ಯುದ್ಧದ ಪಾಪ ಯಾರ ತಲೆಗೆ ಎಂದು ವಾದಿಸುವಂತೆಯೂ ಮಾಡಿದ್ದಾನೆ. ಆಂಬ್ರೋಸ್ ಆ ಭಾಷಣದಿಂದ ಸೋದರರನ್ನು ತೆಗೆದುಕೊಂಡರು, ರಹದಾರಿಯನ್ನು ಅಲ್ಲಿಯೇ ಬಿಟ್ಟರು.

ಇದರ ಫಲವು 2001ರಲ್ಲಿ ಈ ಗ್ರಂಥವನ್ನು ಆಧರಿಸಿ ತೆಗೆದ ಹತ್ತು ಭಾಗಗಳ ದೂರದರ್ಶನ ಚಿತ್ರದಲ್ಲಿ ಎದ್ದು ಕಾಣುತ್ತದೆ. ಅದರ ಮೂರನೆಯ ಭಾಗದಲ್ಲಿ ಆಲ್ಬರ್ಟ್ ಬ್ಲೈತ್ ಎಂಬ ಸಿಪಾಯಿಯು ನಾರ್ಮಂಡಿಯ ಕಾರೆಂಟನ್ ಪಟ್ಟಣದ ಕಾಳಗದಲ್ಲಿ ಭಯದಿಂದ ಕೆಲಕಾಲ ಕಣ್ಣು ಕಾಣದವನಾಗುತ್ತಾನೆ, ಚೇತರಿಸಿಕೊಂಡು ಹೋರಾಡುತ್ತಾನೆ, ಗುಂಡಿನ ಪೆಟ್ಟು ತಿನ್ನುತ್ತಾನೆ. ಅವನು ಆ ಗಾಯದಿಂದ ಚೇತರಿಸಿಕೊಳ್ಳಲಿಲ್ಲ, 1948ರಲ್ಲಿ ತೀರಿಕೊಂಡ ಎಂದು ಕೊನೆಯಲ್ಲಿ ಪರದೆಯ ಮೇಲೆ ಬರಹ ಮೂಡುತ್ತದೆ. ನಿಜಾಂಶವೇನೆಂದರೆ ಬ್ಲೈತ್ ಗುಣಹೊಂದಿ, ಸೈನ್ಯದಲ್ಲಿಯೇ ಮುಂದುವರಿದು, ಸೇವೆಯಲ್ಲಿರುವಾಗಲೇ 1967ರಲ್ಲಿ ಮೃತರಾದರು. ಸುಮಾರು ಹತ್ತೊಂಬತ್ತು ವರ್ಷಗಳ ಬದುಕನ್ನು ಒಂದು ಸಾಲಿನ ಬರಹವು ಅಳಿಸಿಹಾಕಿತು. ಇದು ಕೇವಲ ತಾರೀಖಿನ ತಪ್ಪೆಂದು ನಾವು ತಿಳಿಯಲಾರೆವು. ಭಯಪಟ್ಟವನು ಮತ್ತೆ ಎದ್ದು ಬಹುಕಾಲ ಸಿಪಾಯಿಯಾಗಿ ಬಾಳಿದನೆಂದರೆ ಅಂಥ ಕಥೆಗೆ ಎಲ್ಲಿ ಜಾಗ? ಭಯಪಟ್ಟವನು ಸತ್ತನೆಂದರೆ ಕಥೆ ಸಲೀಸಾಗಿ ಮುಗಿಯುತ್ತದೆ. ಅಂಥ ಸುದ್ದಿಯನ್ನು ಯಾರೂ ಮರುವಿಚಾರಣೆ ಮಾಡದೆ ನಂಬಿದರು, ಏಕೆಂದರೆ ಅದು ನಂಬಲು ಅನುಕೂಲವಾಗಿತ್ತು.

ನಮ್ಮ ಆಲಂಕಾರಿಕರು ಈ ತೊಡಕನ್ನು ಬಹುಕಾಲದ ಹಿಂದೆಯೇ ಕಂಡಿದ್ದರು. ವೀರರಸಕ್ಕೆ ಉತ್ಸಾಹವು ಸ್ಥಾಯಿ, ಭಯಾನಕಕ್ಕೆ ಭಯವು ಸ್ಥಾಯಿ. ಇವೆರಡೂ ಒಬ್ಬನೇ ಆಶ್ರಯದಲ್ಲಿ ಕೂಡಿದರೆ ಒಂದನ್ನೊಂದು ಕೆಡಿಸುತ್ತವೆ. ಆದುದರಿಂದ ವೀರವನ್ನು ನಾಯಕನಲ್ಲಿಯೂ ಭಯವನ್ನು ಅವನ ಎದುರಾಳಿಯಲ್ಲಿಯೂ ಇಡಬೇಕೆಂದು ಆನಂದವರ್ಧನನು ವಿಧಿಸಿದ್ದಾನೆ. ಆಂಬ್ರೋಸ್ ಈ ಸೂತ್ರವನ್ನು ಓದಿದವರಲ್ಲ. ಆದರೂ ಅದನ್ನೇ ಪಾಲಿಸಿದ್ದಾರೆ. ಅವರ ಕಥೆಯಲ್ಲಿ ಉತ್ಸಾಹವು ವಿಂಟರ್ಸ್ ಮೊದಲಾದವರ ಪಾಲು. ಅಳುಕೂ ಅಸಾಮರ್ಥ್ಯವೂ ಸೋಬೆಲ್, ಬ್ಲೈತ್ ಮತ್ತು ಹೆಸರಿಲ್ಲದ ಆ 3,500 ಮಂದಿಯ ಪಾಲು. ಮಹಾಕಾವ್ಯಕ್ಕೆ ಈ ಪಾಲುಗಾರಿಕೆ ಸರಿಯಿದ್ದೀತು. ನಿಜವಾಗಿ ಬದುಕಿದ ಮನುಷ್ಯರನ್ನು ಕುರಿತ ಗ್ರಂಥಕ್ಕೆ ಇದು ಸಲ್ಲದು. ಬಾಗಿಲಲ್ಲಿ ನಿಂತವನಲ್ಲಿ ಉತ್ಸಾಹವೂ ಭಯವೂ ಒಂದೇ ಎದೆಯಲ್ಲಿ, ಒಂದೇ ಕ್ಷಣದಲ್ಲಿ ಇರುತ್ತವೆ. ಅವೆರಡರ ತೂಕ ಯಾವ ಕಡೆಗೆ ವಾಲಿತೆಂಬುದರಿಂದ ಅವನು ಧುಮುಕಿದವನೋ ಒಲ್ಲೆನೆಂದವನೋ ಆಗುತ್ತಾನೆ. ಇವರಿಬ್ಬರೂ ಬೇರೆ ಬೇರೆ ಕುಲದವರಲ್ಲ.

ಈ ಸತ್ಯವನ್ನು ಬಲ್ಲ ಗ್ರಂಥವೊಂದುಂಟು. ಅದೇ ರೆಜಿಮೆಂಟಿನಲ್ಲಿದ್ದ ಡೇವಿಡ್ ಕೆನ್ಯನ್ ವೆಬ್‌ಸ್ಟರ್ ಎಂಬವರು ಬರೆದ ‘ಪ್ಯಾರಾಷೂಟ್ ಇನ್‌ಫೆಂಟ್ರಿ’. ವೆಬ್‌ಸ್ಟರ್ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಾಹಿತ್ಯವನ್ನು ಓದುತ್ತಿದ್ದವರು. ಓದನ್ನು ನಿಲ್ಲಿಸಿ, ಬೇಕೆಂದೇ ಪ್ಯಾರಾಷೂಟು ದಳಕ್ಕೆ ಬಂದವರು. ವಿದ್ಯಾವಂತನಾದವನು ಸುಲಭದ ಹುದ್ದೆಯನ್ನು ಹುಡುಕದೆ ಸಾಮಾನ್ಯ ಸಿಪಾಯಿಯಾಗಿ ದುಡಿಯಬೇಕೆಂಬುದು ಅವರ ನಿಷ್ಠೆ. ಬಂದ ಮೇಲಾದರೋ, ಸೈನ್ಯದ ಶಿಸ್ತನ್ನೂ ಅಧಿಕಾರಿಗಳ ಡೌಲನ್ನೂ ಅವರು ಮನಸಾರೆ ದ್ವೇಷಿಸಿದರು. ಬಡ್ತಿಯನ್ನು ಬಯಸಲಿಲ್ಲ, ಹೇಳಿದ ಕೆಲಸವನ್ನು ಮಾಡಿದರು, ಹೇಳದ ಕೆಲಸಕ್ಕೆ ಕೈಯೆತ್ತಲಿಲ್ಲ. ತಾನಾಗಿ ಬಂದವನಲ್ಲಿ ಕಡ್ಡಾಯದವನ ಗೊಣಗಾಟವೆಲ್ಲವೂ ಇತ್ತು. ಆಂಬ್ರೋಸರ ಎರಡು ಜಾತಿಗಳೂ ಈ ಒಬ್ಬನಲ್ಲಿ ಒಟ್ಟಿಗೆ ಮನೆಮಾಡಿಕೊಂಡಿದ್ದುವು.

ವೆಬ್‌ಸ್ಟರ್ ತಮ್ಮ ಗ್ರಂಥವನ್ನು ಇಂಗ್ಲೆಂಡಿನಲ್ಲಿ, ಆಕ್ರಮಣಕ್ಕಾಗಿ ಕಾಯುತ್ತಿರುವ ದಿನಗಳಿಂದ ಆರಂಭಿಸುತ್ತಾರೆ. ಬಿಲ್ಲೆಯು ಬಂದಾಗಿದೆ, ಒಲ್ಲೆನೆನ್ನುವ ಕಾಲವು ಮುಗಿದಿದೆ. ತಾನೇ ಕೇಳಿ ಪಡೆದ ಸೆರೆಯಲ್ಲಿ ತಾನು ಕುಳಿತಿದ್ದೇನೆಂಬ ಅರಿವು ಆ ಪುಟಗಳಿಗೆ ಒಂದು ವಿಚಿತ್ರವಾದ ಕಾವನ್ನು ಕೊಟ್ಟಿದೆ. 1944ನೆಯ ಜೂನ್ 5ರ ರಾತ್ರಿ ವಿಮಾನವು ಕಡಲನ್ನು ದಾಟುವಾಗ ಅವರು ತಮ್ಮ ಭಯವನ್ನು ಅಲಂಕರಿಸುವುದೂ ಇಲ್ಲ, ಅದಕ್ಕೆ ಕ್ಷಮೆ ಬೇಡುವುದೂ ಇಲ್ಲ. ಹವೆಯನ್ನು ಗುರುತುಹಾಕಿಕೊಂಡ ಹಾಗೆ ಗುರುತುಹಾಕುತ್ತಾರೆ. ಧುಮುಕಿದವರು ಬಿದ್ದದ್ದು ಜರ್ಮನರು ನೀರು ನುಗ್ಗಿಸಿ ಮುಳುಗಿಸಿದ್ದ ಜೌಗಿನಲ್ಲಿ. ಮುಳುಗಿ ಸಾಯುತ್ತೇನೆಂದುಕೊಂಡವರು ಎದ್ದು ನಿಂತರು, ಒದ್ದೆಯಾಗಿ, ಒಂಟಿಯಾಗಿ. ವೀರನ ಪ್ರವೇಶವು ಹೀಗಿರಬಾರದೆಂದು ಯಾರಾದರೂ ಹೇಳಬಹುದು. ಆದರೆ ಓದಿ ಮುಗಿಸಿದ ಮೇಲೆ ನಮ್ಮ ಮನಸ್ಸಿನಲ್ಲಿ ನಿಲ್ಲುವ ಮನುಷ್ಯ ಇವನೇ. ತನ್ನ ಭಯವನ್ನು ಇನ್ನೊಬ್ಬನ ತಲೆಗೆ ಕಟ್ಟದೆ ತಾನೇ ಹೊತ್ತವನು.

ಈ ಗ್ರಂಥದ ಭಾಗ್ಯವೂ ಯೋಚಿಸತಕ್ಕದ್ದಾಗಿದೆ. ಯುದ್ಧಾನಂತರ ವೆಬ್‌ಸ್ಟರ್ ಪತ್ರಿಕೋದ್ಯೋಗಿಯಾದರು. ಅವರ ಹಸ್ತಪ್ರತಿಯನ್ನು ಪುಸ್ತಕವಾಗಿ ಪ್ರಕಟಿಸಲು ಆ ಕಾಲದಲ್ಲಿ ಯಾವ ಪ್ರಕಾಶಕರೂ ಮುಂದೆ ಬರಲಿಲ್ಲ. 1961ರಲ್ಲಿ ಅವರು ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಒಬ್ಬರೇ ದೋಣಿಯಲ್ಲಿ ಹೋಗಿ ಹಿಂತಿರುಗಲಿಲ್ಲ. ಗ್ರಂಥವು ಹೊರಬಂದದ್ದು 1994ರಲ್ಲಿ, ಅದೂ ಆಂಬ್ರೋಸರ ಮುನ್ನುಡಿಯೊಡನೆ. ‘ಬ್ಯಾಂಡ್ ಆಫ್ ಬ್ರದರ್ಸ್’ ಬರೆಯುವಾಗ ಆಂಬ್ರೋಸ್ ಈ ಹಸ್ತಪ್ರತಿಯನ್ನು ಧಾರಾಳವಾಗಿ ಉಪಯೋಗಿಸಿದ್ದರು. ಅದರ ಪ್ರಕಟಣೆಗೆ ನೆರವಾಗಿ ಆ ಋಣವನ್ನು ತೀರಿಸಿದರು. ಇದು ಅವರ ದೊಡ್ಡತನ. ಅವರ ದೋಷಗಳನ್ನು ಎಣಿಸಿದ ನಾವು ಇದನ್ನೂ ಎಣಿಸದೆ ಬಿಡುವುದು ನ್ಯಾಯವಲ್ಲ. ಗೆದ್ದವರ ಕಥೆಯು ಮೊದಲು ಬಂದು ದಾರಿಮಾಡಿಕೊಟ್ಟ ಮೇಲೆಯೇ ಗೊಣಗಿದವನ ಕಥೆಯು ಬೆಳಕು ಕಾಣಬೇಕಾಯಿತೆಂಬುದು ಮಾತ್ರ ಓದುಗರ ರುಚಿಯ ಮೇಲೆ ಒಂದು ಟೀಕೆಯಾಗಿ ಉಳಿಯುತ್ತದೆ.

ಇದೇ ರೆಜಿಮೆಂಟಿನ ಇನ್ನೊಬ್ಬ ಸಿಪಾಯಿ ಡೊನಾಲ್ಡ್ ಬರ್ಜೆಟ್ 1967ರಲ್ಲಿ ‘ಕರ್ರಹೀ!’ ಎಂಬ ಪುಸ್ತಕವನ್ನು ಬರೆದರು. ಟೊಕೋವಾ ಬೆಟ್ಟದ ಹೆಸರೇ ರೆಜಿಮೆಂಟಿನ ರಣಘೋಷವಾಗಿ, ಈ ಪುಸ್ತಕಕ್ಕೂ ಹೆಸರಾಗಿದೆ. ವೆಬ್‌ಸ್ಟರ್ ಬಿಟ್ಟ ಶಿಕ್ಷಣದ ಭಾಗವು ಇದರಲ್ಲಿ ಸಿಕ್ಕುತ್ತದೆ. ಬರ್ಜೆಟ್ ಅವರಿಗೆ ಸಾಹಿತ್ಯದ ಹಂಗಿಲ್ಲ. ಫೋರ್ಟ್ ಬೆನ್ನಿಂಗ್‌ನ ಶಿಕ್ಷಕರ ಕಾಠಿಣ್ಯವನ್ನು, ದಣಿದ ಮೈಯ ನೋವನ್ನು ನೇರವಾಗಿ ಹೇಳುತ್ತಾರೆ. ವಿಚಾರವು ಕಡಿಮೆ, ಮೈ ಹೆಚ್ಚು. ಆದರೆ ಒಪ್ಪಿಗೆಯೆಂಬುದು ಮನಸ್ಸಿನ ಮಾತು ಮಾತ್ರವಲ್ಲ, ಪ್ರತಿದಿನವೂ ಮೈಯಿಂದ ಹಿಂಡಿ ತೆಗೆಯುವ ಮಾತು ಎಂಬುದು ಇದನ್ನು ಓದಿದರೆ ತಿಳಿಯುತ್ತದೆ. ನಿದ್ದೆಗೆಟ್ಟ, ಬಳಲಿದ ಹುಡುಗನು ಆಡಿದ “ಆಗಲಿ” ಎಂಬುದನ್ನು ಸಂಪೂರ್ಣ ಸ್ವಾತಂತ್ರ್ಯದ ಮಾತೆಂದು ಹೇಳುವ ಮೊದಲು ತುಸು ನಿಲ್ಲಬೇಕೆನಿಸುತ್ತದೆ.

ಕೊನೆಯದಾಗಿ, ಯಾರೂ ಕೇಳದೆ ಹೋದವನ ಮಾತು. ಪ್ಯಾರಾಷೂಟು ರೆಜಿಮೆಂಟುಗಳಿದ್ದ ಅದೇ 101ನೆಯ ಡಿವಿಜನ್ನಿನಲ್ಲಿ ಗ್ಲೈಡರ್ ಪಡೆಯೂ ಇತ್ತು. ಯಂತ್ರವಿಲ್ಲದ ತೆಳ್ಳನೆಯ ವಿಮಾನದಲ್ಲಿ ಕುಳಿತು, ಇನ್ನೊಂದು ವಿಮಾನವು ಎಳೆದುಕೊಂಡು ಹೋಗಿ ಬಿಟ್ಟಲ್ಲಿ ಇಳಿಯುವುದು ಅವರ ಕೆಲಸ. ಅಪಾಯದಲ್ಲಿ ಇದು ಧುಮುಕುವುದಕ್ಕೆ ಕಡಿಮೆಯೇನಲ್ಲ. ಆದರೆ ಈ ಪಡೆಗೆ ಅರ್ಜಿಯೂ ಇಲ್ಲ, ಒಪ್ಪಿಗೆಯೂ ಇಲ್ಲ. ಆಜ್ಞೆಯಾದ ಪಲ್ಟಣವು ಹೋಗಬೇಕು. 1944ನೆಯ ಬೇಸಗೆಯವರೆಗೆ ಅವರಿಗೆ ಅಪಾಯದ ಹೆಚ್ಚು ಸಂಬಳವೂ ಇರಲಿಲ್ಲ. ಗೌರವವು ಅಪಾಯಕ್ಕೆ ಸಲ್ಲುತ್ತಿರಲಿಲ್ಲ, ಅಪಾಯವನ್ನು ತಾನೇ ಆರಿಸಿಕೊಂಡೆನೆಂಬ ಹೆಸರಿಗೆ ಸಲ್ಲುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆ ಗ್ಲೈಡರ್ ಪಡೆಯಲ್ಲಿದ್ದ ಲೂಯಿ ಸಿಂಪ್ಸನ್ ಮುಂದೆ ಪ್ರಸಿದ್ಧ ಕವಿಯಾದರು. 1964ರಲ್ಲಿ ಪುಲಿಟ್ಜರ್ ಬಹುಮಾನವನ್ನು ಪಡೆದರು. 1949ರಲ್ಲಿ ಹೊರಬಂದ ಅವರ ಮೊದಲ ಸಂಕಲನದಲ್ಲಿ ‘ಕಾರೆಂಟನ್ ಓ ಕಾರೆಂಟನ್’ ಎಂಬ ಕವಿತೆಯಿದೆ. ಬ್ಲೈತ್ ಕಣ್ಣು ಕಾಣದವನಾದ ಅದೇ ಪಟ್ಟಣ, ಅದೇ ಜೂನ್ ತಿಂಗಳು. ಯುದ್ಧದಿಂದ ಹಿಂದಿರುಗಿದ ಸಿಂಪ್ಸನ್‌ರಿಗೆ ಸ್ಮೃತಿಯು ಕೆಟ್ಟು, ರಣರಂಗದ ನೆನಪೇ ಮಾಸಿಹೋಗಿತ್ತು. ಕನಸಿನಲ್ಲಿ ಕಂಡ ದೃಶ್ಯವೊಂದು ಕನಸಲ್ಲ, ನಡೆದದ್ದು ಎಂದು ಆಮೇಲೆ ಅವರಿಗೆ ಅರಿವಾಯಿತು. ಅದರಿಂದ ಈ ಕವಿತೆ ಹುಟ್ಟಿತು. ಲಾವಣಿಯ ಸರಳ ಮಟ್ಟಿನಲ್ಲಿ, ನೆರಳಿನ ದಾರಿಯಲ್ಲಿ ನಡೆದು ಹೋಗುತ್ತಿರುವ ಸಿಪಾಯಿಗಳ ಮೇಲೆ ಹೊಂಚುಹಾಕಿದ ಶತ್ರು ಎರಗುವುದನ್ನು ಕವಿ ಹೇಳುತ್ತಾರೆ. ಹುಡುಗನೊಬ್ಬ ತನ್ನ ಮೇಲಧಿಕಾರಿಗಳನ್ನು ಒಬ್ಬೊಬ್ಬರನ್ನಾಗಿ ಕರೆಯುತ್ತಾನೆ. ಯಾರೂ ಉತ್ತರ ಕೊಡುವ ಸ್ಥಿತಿಯಲ್ಲಿಲ್ಲ. ಆರಿಸಿಕೊಂಡವನ ಹೆಮ್ಮೆಯಾಗಲಿ ಬಿಲ್ಲೆಯ ಬೆಳಕಾಗಲಿ ಈ ಕವಿತೆಯಲ್ಲಿಲ್ಲ. ಆಜ್ಞೆಯಿಂದ ಬಂದವನು, ಆಜ್ಞೆ ಕೊಡುವವರೇ ಮೌನವಾದಾಗ, ಏನು ಮಾಡಬೇಕು ಎಂಬ ಪ್ರಶ್ನೆಯೊಂದೇ ಇದೆ. ದೊಡ್ಡ ಗ್ರಂಥವು ಕಾಣದೆ ಹೋದುದನ್ನು ಈ ಚಿಕ್ಕ ಕವಿತೆಯು ಕಂಡಿದೆ.

ನಮ್ಮ ನಾಡಿನ ಊರೂರುಗಳಲ್ಲಿ ವೀರಗಲ್ಲುಗಳುಂಟು. ಅವುಗಳನ್ನು ನೋಡುವಾಗ, ಆ ದಿನ ಕಾಳಗಕ್ಕೆ ಹೋಗಲೊಲ್ಲದೆ ಹಟ್ಟಿಯಲ್ಲಿ ಉಳಿದವನ ಗತಿಯೇನಾಯಿತೆಂದು ಯಾರೂ ಕೇಳುವುದಿಲ್ಲ. ಕಲ್ಲಿಗೆ ಅದನ್ನು ಹೇಳುವ ಶಕ್ತಿಯೂ ಇಲ್ಲ. ಗ್ರಂಥಕ್ಕೆ ಆ ಶಕ್ತಿಯುಂಟು. ಗ್ರಂಥವು ಕಲ್ಲಿಗಿಂತ ಮೇಲೆನಿಸುವುದು ಅದರಿಂದಲೇ. ಭಾರತದ ಸೈನ್ಯವು ತಾವಾಗಿ ಸೇರಿದವರ ಸೈನ್ಯ. ಪ್ಯಾರಾಷೂಟು ರೆಜಿಮೆಂಟಿನ ಶಿಕ್ಷಣಕೇಂದ್ರವು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಕಡ್ಡಾಯದ ಪ್ರಶ್ನೆಯು ನಮ್ಮ ಮನೆಗಳ ಬಾಗಿಲನ್ನು ತಟ್ಟಿಲ್ಲವಾದುದರಿಂದ ಈ ವಿಚಾರವು ನಮಗೆ ದೂರದ್ದೆಂದು ಎಣಿಸಬಾರದು. ಮಗನು ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಊರಿಗೆಲ್ಲ ಹೇಳಿ, ಆಗದೆ ಇದ್ದರೆ ಹೆಸರನ್ನೆತ್ತದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ.

ಆದುದರಿಂದ ನಮ್ಮ ನಿರ್ಣಯವು ಇಷ್ಟು. ‘ಬ್ಯಾಂಡ್ ಆಫ್ ಬ್ರದರ್ಸ್’ ಓದಬೇಕಾದ ಗ್ರಂಥ. ಓದಿ, ಅಂಕಿಗಳ ಹಿಂದೆ ಮರೆಯಾದ 3,500 ಮಂದಿಯನ್ನು ನೆನೆಯಬೇಕಾದ ಗ್ರಂಥ. ‘ಪ್ಯಾರಾಷೂಟ್ ಇನ್‌ಫೆಂಟ್ರಿ’ ಅದರ ಪಕ್ಕದಲ್ಲಿಟ್ಟುಕೊಂಡು ಓದಬೇಕಾದುದು. ಎರಡರಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕೆಂದರೆ ನಾವು ಎರಡನೆಯದನ್ನು ಇಟ್ಟುಕೊಳ್ಳುತ್ತೇವೆ. ಮೊದಲನೆಯ ಧುಮುಕಿನ ದಿನ ಬಾಗಿಲವರೆಗೆ ಬಂದು, ಗಾಳಿಗೆ ಮುಖವೊಡ್ಡಿ, ಕೆಳಗಿನ ನೆಲವನ್ನು ನೋಡಿ, ಒಲ್ಲೆನೆಂದು ಹಿಂದಕ್ಕೆ ಸರಿದು ಕುಳಿತವನು ಬರೆದ ಗ್ರಂಥವು ಮಾತ್ರ ನಮ್ಮ ಕೈಗೆ ಇನ್ನೂ ಸಿಕ್ಕಿಲ್ಲ. ಅವನೂ ಅದೇ ಬೆಟ್ಟವನ್ನು ಓಡಿ ಹತ್ತಿದ್ದನು. ಅದೇ ಗೋಪುರದಿಂದ ಇಳಿದಿದ್ದನು. ತನ್ನ ಕೊಡೆಯನ್ನು ತಾನೇ ಮಡಿಸಿ ಕಟ್ಟಿದ್ದನು. ಕಾನೂನು ಅವನಿಗೆ ಕೊಟ್ಟಿದ್ದ ಒಂದೇ ಒಂದು ಹಕ್ಕನ್ನು ಅವನು ಉಪಯೋಗಿಸಿದನು. ಆಮೇಲೆ ಬೇರೊಂದು ಪಲ್ಟಣದಲ್ಲಿ, ಬಿಲ್ಲೆಯಿಲ್ಲದೆ, ಅವನೂ ಯುದ್ಧಕ್ಕೆ ಹೋಗಿರಬೇಕು.